ಹೊಸ್ತಿಲಿಗೆ ನೀರು ಬರುವ ಮುನ್ನ

ದ್ರೆನೊವ್ ದೋಲ್ (ಮೇಲಿನ ಹೊಸ ಊರು, ಕೆಳಗಿನದಲ್ಲ)
ಶನಿವಾರ, 14 ಮಾರ್ಚ್ 1959

ನಮ್ಮಕ್ಕನ ಮಗಳು ತೊಂಕಾಳಿಗೆ ನಿನ್ನ ಪ್ರೋದಾನ್ ಮಾವ ಮಾಡುವ ಮನಸಾರೆ ಆಶೀರ್ವಾದ.

ಹೇಗಿದ್ದೀಯೇ ಮಗಳೇ? ರೂಸೆ ಪಟ್ಟಣದ ಡ್ಯಾನ್ಯೂಬ್ ಗಾಳಿಗೆ ಕೆಮ್ಮು ಹಿಡಿಯಿತೆಂದು ಬರೆದಿದ್ದೆ, ಇಳಿಯಿತೋ? ಬಿಸಿ ಹಾಲಿಗೆ ಜೇನು ಹಾಕಿ ಕುಡಿ. ನಿನ್ನ ಗಂಡ ಆ ದೋಣಿಯವನು ರಾಕಿಯಾ ಸಾರಾಯಿ ಕುಡಿ ಅನ್ನುತ್ತಾನೆ; ಅದನ್ನು ಅವನೇ ಕುಡಿಯಲಿ. ಇದರ ಜೊತೆ ಮಾರ್ಚ್ ತಿಂಗಳ ಶಾಸ್ತ್ರದ ಬಿಳಿ-ಕೆಂಪು ದಾರ ಇಟ್ಟಿದ್ದೇನೆ, ಕಟ್ಟಿಕೋ; ಮೊದಲ ಕೊಕ್ಕರೆ ಕಾಣುವವರೆಗೂ ಕೈಯಿಂದ ಬಿಚ್ಚಬೇಡ. ನಾನು ಕ್ಷೇಮ. ಬರೀ ಕ್ಷೇಮ ಅಂದರೆ ಸಾಲದು ತಾಯಿ, ಮುಂದಿನ ಶನಿವಾರ ಈ ನಿನ್ನ ಮಾವ ಒಂದು ನದಿಯನ್ನು ನಿಲ್ಲಿಸುತ್ತಾನೆ! ನಾಲ್ಕನೇ ಕ್ಲಾಸಿನಲ್ಲಿ ಭೂಗೋಳ ಬರಲಿಲ್ಲವೆಂದು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ ಮೇಷ್ಟರು ಬದುಕಿದ್ದರೆ ಕರೆದು ತೋರಿಸುತ್ತಿದ್ದೆ. ಭೂಗೋಳ ಕಲಿಯದವನು ಭೂಪಟವನ್ನೇ ತಿದ್ದುತ್ತಿದ್ದಾನೆ, ನೋಡಿ ಸ್ವಾಮಿ ಅಂತ.

ಅದಕ್ಕೆ ಮೊದಲು ಒಂದು ಚಿಂತೆ ಹೇಳಿಬಿಡುತ್ತೇನೆ. ಕೆಳಗಿನ ಊರಿನ ನಲವತ್ತು ಮನೆಗಳಲ್ಲಿ ಮೂವತ್ತೊಂಬತ್ತು ಮನೆಯವರು ಮೇಲೆ ಬಂದಾಯಿತು. ಬಂದ ಮೇಲೂ ಬುದ್ಧಿ ಇದೆಯೇ? ಮುಳುಗುವ ಮನೆಗೆ ಬೀಗ ಹಾಕಿ, ಕೀಲಿಯನ್ನು ಕುತ್ತಿಗೆಗೆ ನೇತು ಹಾಕಿಕೊಂಡು ತಿರುಗುತ್ತಿದ್ದಾರೆ. ಮೀನು ಕದಿಯುತ್ತದೆಯೋ ಏನೋ! ಒಂದೇ ಒಂದು ಚಿಮಣಿಯಲ್ಲಿ ಇನ್ನೂ ಹೊಗೆ ಏಳುತ್ತಿದೆ. ನಿಮ್ಮಮ್ಮನದು. ಜಪ್ಪಯ್ಯ ಅಂದರೂ ಕದಲುತ್ತಿಲ್ಲ. ಶುಕ್ರವಾರದೊಳಗೆ ಬರದಿದ್ದರೆ ಇಬ್ಬರು ಪೊಲೀಸರನ್ನು ಕಳಿಸಿ ಮಂಚದ ಸಮೇತ ಎತ್ತಿಸುತ್ತೇನೆ ಎಂದು ಅಣೆಕಟ್ಟಿನ ಇಂಜಿನಿಯರ್ ಹೇಳಿದ್ದಾನೆ. ಒಳ್ಳೆಯವನೇ, ಆದರೆ ಅವನಿಗೂ ಮೇಲಿನವರ ಒತ್ತಡ. ಕೆರಾ ನನ್ನ ಅಕ್ಕ. ಊರಿಗೆ ಊರೇ ನೋಡುತ್ತಿರುವಾಗ ಅವಳನ್ನು ಮೂಟೆಯ ಹಾಗೆ ಹೊರುವುದನ್ನು ನಾನು ಹೇಗೆ ನೋಡಲಿ?

ಈಗ ಅಣೆಕಟ್ಟಿನ ಕಥೆ ಕೇಳು. ನದಿಗೆ ಅಡ್ಡ ಗೋಡೆ ಕಟ್ಟುವುದು ತಾನೇ ಎಂದು ನೀವು ಪಟ್ಟಣದವರು ಅಂದುಕೊಳ್ಳುತ್ತೀರಿ. ಹರಿಯುವ ನೀರಿನಲ್ಲಿ ಗೋಡೆ ಏಳುತ್ತದೆಯೇ? ಮೊದಲು ನದಿಗೆ ಮೋಸ ಮಾಡಬೇಕು. ಗುಡ್ಡ ಕೊರೆದು ಸುರಂಗ ಮಾಡಿ, ಮಣ್ಣಿನ ಚಿಕ್ಕ ಒಡ್ಡು ಹಾಕಿ, 'ಅಮ್ಮಾ ಕ್ರುಶಿತ್ಸಾ, ಈ ಕಡೆಯಿಂದ ದಯಮಾಡಿಸು' ಎಂದು ಅವಳನ್ನು ಆಚೆ ತಿರುಗಿಸಿದೆವು. ತಳ ಒಣಗಿತು. ಗಟ್ಟಿ ಬಂಡೆ ಸಿಗುವವರೆಗೆ ಅಗೆದು, ಬಂಡೆಗೂ ತೂತು ಕೊರೆದು, ಸಂದುಗೊಂದಿಗೆಲ್ಲ ಸಿಮೆಂಟಿನ ಗಂಜಿ ಕುಡಿಸಿದೆವು, ಅಡಿಯಿಂದ ನೀರು ನುಸುಳಬಾರದಲ್ಲ. ಆಮೇಲೆ ಕಾಂಕ್ರೀಟು, ಒಂದೊಂದೇ ಅಚ್ಚು, ಮೂರು ವರ್ಷ. ಒಂದು ಸಂಗತಿ ನಿನ್ನ ದೋಣಿಯವನಿಗೂ ಗೊತ್ತಿರಲಿಕ್ಕಿಲ್ಲ: ಗಟ್ಟಿಯಾಗುವಾಗ ಕಾಂಕ್ರೀಟಿಗೆ ಜ್ವರ ಬರುತ್ತದೆ! ಹಾಗೇ ಬಿಟ್ಟರೆ ಸೀಳುತ್ತದೆ. ಅದಕ್ಕೇ ಗೋಡೆಯ ಹೊಟ್ಟೆಯೊಳಗೆ ಕೊಳವೆ ಹಾಯಿಸಿ ತಣ್ಣೀರು ಬಿಡುತ್ತಾರೆ. ಯಾವ ನೀರು? ಅದೇ ನದಿಯದು. ತನ್ನನ್ನು ಕಟ್ಟಿಹಾಕುವ ಗೋಡೆಯನ್ನು ತಾನೇ ತಂಪು ಮಾಡಿದಳು, ಪಾಪ. ಆ ಕೊಳವೆಗಳಲ್ಲಿ ಅರ್ಧಕ್ಕರ್ಧ ಜೋಡಿಸಿದ್ದು ನಾನು. ಸರಿ, ಕಾಲು ಭಾಗ.

ಗೋಡೆ ಮುಗಿದರೆ ಮುಗಿಯಲಿಲ್ಲ. ಕಣಿವೆ ತೊಳೆಯಬೇಕು. ಮರ, ಕೊಟ್ಟಿಗೆ, ಗೊಬ್ಬರದ ಗುಂಡಿ ಯಾವುದೂ ಉಳಿಯಬಾರದು, ಉಳಿದರೆ ಕೊಳೆತು ನೀರು ನಾರುತ್ತದೆ. ನಿಮ್ಮಪ್ಪನನ್ನೂ ಹಳೆಯ ಗೋರಿಯಿಂದ ಎತ್ತಿ, ಪಾದ್ರಿಯ ಮಂತ್ರದೊಂದಿಗೆ ಮೇಲೆ ತಂದು ಮಲಗಿಸಿದ್ದೇವೆ, ಈಗ ಅವನಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಕಣಿವೆ ಕಾಣುತ್ತದೆ. ಉಳಿದದ್ದು ಸುರಂಗದ ಬಾಯಿಗೆ ಉಕ್ಕಿನ ಬಾಗಿಲು ಇಳಿಸುವುದೊಂದೇ. ಅದರ ಚಕ್ರ ತಿರುಗಿಸುವವನು ನಿನ್ನ ಮಾವ! ಗುಡ್ಡದ ಹಿಮ ಕರಗುವುದು ಈ ತಿಂಗಳ ಕೊನೆಗೆ. ಅಷ್ಟರೊಳಗೆ ಬಾಗಿಲು ಬೀಳದಿದ್ದರೆ ಆ ನೀರೆಲ್ಲ ಕೈತಪ್ಪಿ, ಕೆರೆ ತುಂಬಲು ಇನ್ನೊಂದು ವರ್ಷ ಕಾಯಬೇಕು.

ಇಷ್ಟೆಲ್ಲ ಯಾಕೆ ಅಂತೀಯಾ? ನಮ್ಮ ನದಿಯ ಗುಣ ನಿನಗೆ ಗೊತ್ತಿಲ್ಲವೇ. ಏಪ್ರಿಲ್‌ನಲ್ಲಿ ಹುಚ್ಚು, ಆಗಸ್ಟ್‌ನಲ್ಲಿ ಬರೀ ಕಲ್ಲು. ಒಂದು ವಸಂತದಲ್ಲಿ ಸೇತುವೆ, ಗಿರಣಿ, ಹನ್ನೊಂದು ಕುರಿ, ನನ್ನ ಹೊಸ ಟೋಪಿ ಎಲ್ಲ ಕೊಚ್ಚಿಕೊಂಡು ಹೋದಳು; ಅದೇ ಬೇಸಿಗೆ ನೀನು ಒಂದು ಕೊಡ ನೀರಿಗೆ ಬೆಳಗಿನ ಜಾವದಿಂದ ಸಾಲಿನಲ್ಲಿ ನಿಂತು ಅತ್ತೆ. ಇನ್ನು ಮೇಲೆ ಏಪ್ರಿಲ್‌ನ ನೀರನ್ನು ಆಗಸ್ಟ್‌ಗೆ ಎತ್ತಿಡುತ್ತೇವೆ, ಉಪ್ಪಿನಕಾಯಿ ಇಟ್ಟ ಹಾಗೆ. ಕೆಳಗಿನ ಪಟ್ಟಣದ ನಲ್ಲಿಗೆ ನೀರು, ಮೆಣಸಿನಕಾಯಿ ತೋಟಕ್ಕೆ ನೀರು, ಬೀಳುವ ನೀರಿನಿಂದ ಮನೆಮನೆಗೆ ದೀಪ. ನನ್ನ ಹೊಸ ಮನೆಯಲ್ಲಿ ಈಗಲೇ ಒಂದು ಬಲ್ಬು ನೇತು ಹಾಕಿದ್ದೇನೆ. ಉರಿಯುವುದಿಲ್ಲ, ಆದರೆ ಬಂದವರಿಗೆಲ್ಲ ತೋರಿಸುತ್ತೇನೆ.

ಇದನ್ನೆಲ್ಲ ನಿಮ್ಮಮ್ಮನಿಗೆ ಹೇಳದೆ ಬಿಟ್ಟೆನೇ? 'ನಿನ್ನ ಗೋಡೆ ಚೆನ್ನಾಗಿದೆ ಕಣೋ ಪ್ರೋದಾನ್, ನಿನ್ನ ಬಾಯಿಗೂ ಒಂದು ಕಟ್ಟಬೇಕಿತ್ತು' ಅಂದಳು. ಅಣೆಕಟ್ಟು ಬೇಡ ಅನ್ನುವುದಿಲ್ಲ. ಗಂಟು ಕಟ್ಟಿಟ್ಟಿದ್ದಾಳೆ, ಕೋಳಿಗಳನ್ನೂ ಮೇಲೆ ಕಳಿಸಿದ್ದಾಳೆ, ತಾನು ಮಾತ್ರ ಬಾಗಿಲಲ್ಲಿ ಕೂತಿದ್ದಾಳೆ. ಹೊರಡುವವರ ಮುಂದೆ ಮನೆಯವರು ಹೊಸ್ತಿಲ ಮೇಲೆ ನೀರು ಚೆಲ್ಲಬೇಕಲ್ಲ, ದಾರಿ ನೀರಿನ ಹಾಗೆ ಸಲೀಸಾಗಲಿ ಅಂತ. ಒಂಟಿ ಹೆಂಗಸಿಗೆ ಚೆಲ್ಲುವವರು ಯಾರಿದ್ದಾರೆ, ಅದಕ್ಕೇ ಕೂತಿದ್ದಾಳೆ ಎಂದುಕೊಂಡು ಮೊನ್ನೆ ನಾನೇ ಬಕೆಟ್ ಹೊತ್ತುಕೊಂಡು ಹೋಗಿ ದಬದಬ ಸುರಿದೆ. 'ಏಳಕ್ಕಾ, ಶಾಸ್ತ್ರ ಆಯಿತು' ಅಂದೆ. ಎದ್ದಳು. ಎದ್ದವಳು ಒಳಗಿಂದ ಬಟ್ಟೆ ತಂದು, ಮಂಡಿಯೂರಿ, ಹೊಸ್ತಿಲನ್ನು ಹನಿ ಇಲ್ಲದಂತೆ ಒರೆಸಿ, ಮತ್ತೆ ಕೂತಳು! ನನಗೆ ತಲೆಬುಡ ತಿಳಿಯಲಿಲ್ಲ.

ನಿನ್ನ ಗಂಡನಿಗೆ ನನ್ನ ನೆನಪು ಹೇಳು. ಅವನ ಡ್ಯಾನ್ಯೂಬ್ ದೊಡ್ಡದಿರಬಹುದು, ಆದರೆ ಅದನ್ನು ನಿಲ್ಲಿಸುವ ಮಾವ ಅವನಿಗಿಲ್ಲ. ನೂರು ವರ್ಷ ತಣ್ಣಗಿರಿ.

ಇಂತಿ ನಿನ್ನ ಸೋದರಮಾವ,
ಪ್ರೋದಾನ್
(ಸುರಂಗದ ಬಾಗಿಲಿನ ಮುಖ್ಯಸ್ಥ. ಸದ್ಯಕ್ಕೆ ಒಬ್ಬನೇ)

ಮ.ವಿ.: ಲಕೋಟೆ ಅಂಟಿಸಿದವನು ಮತ್ತೆ ಕಿತ್ತಿದ್ದೇನೆ. ಈಗಷ್ಟೇ ಅವಳಿಗೆ ಬ್ರೆಡ್ ಕೊಡಲು ಹೋಗಿದ್ದೆ. ಬಾಗಿಲ ಹಿಂದೆ ಆ ಹಳೆಯ ತಾಮ್ರದ ಕೊಡ, ಕಂಠದವರೆಗೆ ನೀರು, ನೀರು ಚೆಲ್ಲುವ ಶಾಸ್ತ್ರಕ್ಕೆಂದು ಹಿಡಿಗೆ ಕಟ್ಟುವ ಹಸಿರು ಸೊಪ್ಪು ಇವತ್ತಿನದು. ಯಾರಿಗಕ್ಕಾ ಅಂದೆ. 'ಕುದುರೆಗೆ' ಅಂದಳು. ಕುದುರೆ ಮಾರಿ ಮೂರು ವರ್ಷವಾಯಿತು ತೊಂಕಾ. ಎಂಟು ವರ್ಷದ ಹಿಂದೆ 'ನೀರಿನ ಮೇಲೆ ಬದುಕುವವನ ಹಿಂದೆ ಹೋಗುವವಳಿಗೆ ನನ್ನ ಮನೆಯ ನೀರೇಕೆ' ಎಂದು ಅವಳು ಒಳಗೆ ಕೂತಿದ್ದಳು, ನೀನು ಒಣ ಹೊಸ್ತಿಲು ದಾಟಿ ಹೋದೆ. ತನಗೆ ಯಾರೂ ಚೆಲ್ಲಲಿಲ್ಲವೆಂದು ಕೂತಿಲ್ಲ ಅವಳು. ನಿನಗೆ ಚೆಲ್ಲಬೇಕೆಂದು ಕೂತಿದ್ದಾಳೆ, ಆ ಹೊಸ್ತಿಲು ಇರುವಾಗಲೇ. ಬಾ ಎಂದು ಬರೆಯಲು ಅವಳ ಜಂಭ ಬಿಡುವುದಿಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ. ಚಕ್ರದ ಒಂದು ಕೀಲು 'ಕಳೆದುಹೋಗಿದೆ', ನನ್ನ ಕೋಟಿನ ಜೇಬಿನಲ್ಲಿ. ಆ ಶನಿವಾರ ಕಳೆದು 23ರ ಸೋಮವಾರದವರೆಗೂ ಸಿಗುವುದಿಲ್ಲ, ಬಾಗಿಲು ಇಳಿಯದಿದ್ದರೆ ಪೊಲೀಸರಿಗೂ ಕೆಲಸವಿಲ್ಲ. ಅದಕ್ಕಿಂತ ಹೆಚ್ಚು ದಿನ ಹಿಮ ನನ್ನ ಮಾತು ಕೇಳುವುದಿಲ್ಲ. ಕಾಗದ ಕಂಡ ದಿನವೇ ರೈಲು ಹತ್ತು. ಒಳಗೆ ಹೋಗು, ಅವಳ ಕೈಯಡುಗೆ ಉಣ್ಣು, ಎದ್ದು ಹೊರಗೆ ಬಾ. ಚೆಲ್ಲಿದ ಮೇಲೆ ಅವಳೂ ಖಾಲಿ ಕೊಡ ಹಿಡಿದು ನಿನ್ನ ಹಿಂದೆಯೇ ಬರುತ್ತಾಳೆ, ಬರೆದಿಟ್ಟುಕೋ. ಬೂಟು ಮಾತ್ರ ಗಟ್ಟಿಯಾದದ್ದು ಹಾಕಿಕೊಂಡು ಬಾ, ಎಂಟು ವರ್ಷ ಹಿಡಿದಿಟ್ಟ ನೀರು ಅದು.