ಒದ್ದದ್ದು ಸಾಕೇ, ಉಸ್ತಾದ್?

ವಾರ್ಡಿನ ಸಾಮ್ರಾಜ್ಞಿ, ಸೂಜಿಧಾರಿಣಿ ನರ್ಸ್ ಅಮಿತಕ್ಕನವರ ಸನ್ನಿಧಾನಕ್ಕೆ,

ಅಡ್ಡಬಿದ್ದು ಅರಿಕೆ ಮಾಡುವುದೇನೆಂದರೆ, ನಿಮ್ಮಲ್ಲಿ ಪ್ರಜ್ಞೆಯಿಲ್ಲದೆ ಮಲಗಿರುವ ಇರಾನಿ ಮುದುಕ, ಕರಮಾಲಿ ಉಸ್ತಾದರು, ಈ ಕೊಲ್ಲಿ ನಾಡಿನ ಶುವೈಖ್ ಪೇಟೆಯಲ್ಲಿ ನಮ್ಮ ಗೋದಾಮಿನ ಪಕ್ಕದ ಅಂಗಡಿಯವರು. ಸಂಬಂಧಿಕರಿಗೆ ಮಾತ್ರ ಪ್ರವೇಶವಂತೆ. ಮೊಮ್ಮಗನೆಂದೆ, ಗೇಟಿನವನು ನನ್ನ ಇಕಾಮಾ ಕಾರ್ಡಿನಲ್ಲಿ ಭಾರತೀಯನೆಂದಿರುವುದನ್ನು ನೋಡಿ ನಕ್ಕ.

ಉಸ್ತಾದರು ಮಾಡುವುದು ನಮದ ಎಂಬ ಉಣ್ಣೆಹಾಸು. ಅದಕ್ಕೆ ಮಗ್ಗವಿಲ್ಲ, ನೂಲಿಲ್ಲ. ಉಣ್ಣೆಗೆ ಬಿಸಿ ಸೋಪುನೀರು ಚಿಮುಕಿಸಿ, ಚಾಪೆಯಲ್ಲಿ ಸುತ್ತಿ, ಗಟ್ಟಿ ಹಾಸಾಗುವವರೆಗೆ ಇಬ್ಬರು ಒದ್ದು ಉರುಳಿಸಬೇಕು. ಕೆಲಸ ಮುಗಿಸಿ ಬಂದು ನಾನೂ ಒದೆಯುತ್ತಿದ್ದೆ. ಮೊನ್ನೆ, ನಾನೇ ಕಲಿಸಿದ ಹರಕು ಕನ್ನಡದಲ್ಲಿ, “ಯಲ್ಲಾ ಮಾರಾಯ, ನಿನ್ನ ಕಫೀಲ್ ಧಣಿ ಅಂತ ತಿಳಿದು ಒದಿ!” ಎನ್ನುತ್ತಲೇ ಕುಸಿದುಬಿಟ್ಟರು.

ಸುರುಳಿ ಹಾಗೇ ಇದೆ. ಬಿಟ್ಟರೆ ಕೊಳೆಯುತ್ತದೆ, ಹೆಚ್ಚು ಒದ್ದರೆ ಕುಗ್ಗುತ್ತದೆ. ಹದ ಗೊತ್ತಿರುವುದು ಅವರ ಪಾದಕ್ಕೆ ಮಾತ್ರ. ನಾನೊಬ್ಬನೇ ಒದೆಯುತ್ತಿದ್ದೇನೆ.

ದಯವಿಟ್ಟು ಅವರ ಕಿವಿಯಲ್ಲಿ “ಸಾಕಾ, ಉಸ್ತಾದ್?” ಎಂದು ಕೇಳಿ. ಮಾತಾಡುವುದೇನೂ ಬೇಡ. ಕಾಲ್ಬೆರಳು ಅಲ್ಲಾಡಿದರೆ ಒಂದು ಮೆಸೇಜು ಹಾಕಿ, ನಿಲ್ಲಿಸುತ್ತೇನೆ. ಅಲ್ಲಾಡದಿದ್ದರೆ ಏನನ್ನೂ ತಿಳಿಸಬೇಡಿ ಅಕ್ಕ. ಹಾಸು ಕುಗ್ಗಿ ಕರವಸ್ತ್ರವಾದರೂ ಆಗಲಿ, ಒದೆಯುತ್ತಲೇ ಇರುತ್ತೇನೆ.

ಇಂತು ವಿಜ್ಞಾಪಿಸಿಕೊಳ್ಳುವ,
ಟಯರ್ ಗೋದಾಮಿನ ರೋಶನ್