ಕೆಂಪು ಶಾಯಿಗೆ ಬಂದ ಸಕ್ಕರೆ

ಸಿರವಾರ, 26 ನವೆಂಬರ್ 1982, ಶುಕ್ರವಾರ

ಎರಡು ಸಲ ಬಾಯಿ ಮುಕ್ಕಳಿಸಿದೆ. ಆ ಸಕ್ಕರೆಯ ರುಚಿ ಇನ್ನೂ ಹೋಗಿಲ್ಲ.

ಅರ್ಧವಾರ್ಷಿಕ ಪರೀಕ್ಷೆಯ ಅಂಕಪಟ್ಟಿಗೆ ಹೆಬ್ಬೆಟ್ಟು ಒತ್ತಲು ಒಂಬತ್ತನೇ ತರಗತಿಯ ಹುಲಿಗೆಮ್ಮನ ತಾಯಿ ದುರುಗಮ್ಮ ಇವತ್ತು ಭತ್ತದ ಕೊಯ್ಲು ಬಿಟ್ಟು ಶಾಲೆಗೆ ಬಂದಿದ್ದಳು. ಸೆರಗಿನ ತುದಿಯಲ್ಲಿ ಸಕ್ಕರೆ ಕಟ್ಟಿಕೊಂಡಿದ್ದಳು.

“ನಿನ್ನಿ ಇಕಿ ಮನಿಗೆ ತಂದು ಯಾವ್ದು ಯಾವ ವಿಷಯ ಅಂತ ತೋರ್ಸಿದಾಗ ನೋಡಿದ್ನಿರಿ, ಮಾಸ್ತರ್ರ. ಎಲ್ಲಾ ನೀಲಿ ಅದ, ನಿಮ್ಮ ಇಂಗ್ಲಿಷ್ ಒಂದೇ ಲಗ್ನಪತ್ರಿಕಿ ಹಂಗ ಕೆಂಪಗ ಅದ. ಅದರಾಗ ನನ್ನ ಮಗಳು ಭಾಳ ಶ್ಯಾಣೇಕಿ ಆಗ್ಯಾಳಂತ ತಿಳೀತ್ರಿ. ಬಾಯಿ ಸಿಹಿ ಮಾಡ್ಕೋರಿ.”

ಕೆಂಪೆಂದರೆ ನಪಾಸು ಎಂದು ಆಗಲೇ ಹೇಳಬೇಕಿತ್ತು. ನೂರಕ್ಕೆ ಹತ್ತೊಂಬತ್ತು. ಹುಲಿಗೆಮ್ಮ ನೆಲ ನೋಡುತ್ತ ನಿಂತಿದ್ದಳು. ನಾನು ಅಂಗೈ ಚಾಚಿದೆ, ತಿಂದೆ. ದುರುಗಮ್ಮನ ಹೆಬ್ಬೆರಳು ಹಿಡಿದು ಅಂಕಪಟ್ಟಿಯ ಮೇಲೆ ನಾನೇ ಒತ್ತಿಸಿದೆ.

ಜುಲೈನಿಂದ ಪರೀಕ್ಷೆಯವರೆಗೆ ನಾನು ಮುಗಿಸಿದ್ದು ಎರಡೇ ಪಾಠ. ವರ್ಗಾವಣೆಗೆಂದು ವಾರಕ್ಕೆ ಮೂರು ದಿನ ರಾಯಚೂರಿನಲ್ಲಿ ಕಚೇರಿಗಳ ಬಾಗಿಲು ಕಾದೆ. ಪ್ರಶ್ನೆಗಳು ಮಾತ್ರ ಅಷ್ಟರಲ್ಲಿ ಮುಗಿಯಬೇಕಿದ್ದ ಆರೂ ಪಾಠಗಳ ಮೇಲೆ ಬಂದಿದ್ದವು. ಇಡೀ ತರಗತಿಯ ನಪಾಸು ಅಂಕಗಳನ್ನು ಬರೆಯುವಷ್ಟರಲ್ಲಿ ಕೆಂಪು ಶಾಯಿ ತೀರಿ ಇನ್ನೊಂದು ಬಾಟಲಿ ತರಿಸಿದ್ದೆ. ಆಗ ನನಗೆ ಏನೂ ಅನ್ನಿಸಿರಲಿಲ್ಲ.

ತಾಯಿ ಗೇಟು ದಾಟಿದ ಮೇಲೆ ಹುಡುಗಿ ಒಬ್ಬಳೇ ಹಿಂದಿರುಗಿ ಬಂದಳು. ಕೆಂಪಿನ ಅರ್ಥ ಹೇಳಬೇಡಿ ಎಂದು ಬೇಡಿಕೊಳ್ಳಲು ಬಂದಿದ್ದಾಳೆ ಎಂದುಕೊಂಡೆ.

“ನೀವು ಪಾಠ ಮಾಡಿಲ್ಲಂತ ನಮ್ಮವ್ವಗ ನಾ ಹೇಳಿಲ್ರಿ, ಸಾರ್,” ಎಂದಳು.

ನಾನು “ಒಳ್ಳೇದಾತು” ಎಂದುಬಿಟ್ಟೆ.