ಗಣಿತದ ನೋಟ್‌ಬುಕ್ಕಿನ ಕೊನೆಯ ಪುಟ

ಲಗ್ಗೆರೆ,
ಭಾನುವಾರ, 8 ಜನವರಿ 2012

ನನ್ನ ಮುದ್ದು ನೀಲಾ,

ಅವ್ವನ ಕಡೆಯಿಂದ ನಿನ್ನ ಎರಡೂ ಕೆನ್ನೆಗೆ ಮುತ್ತು. ಫೋನ್ ಮಾಡಿದರೆ ನೀನು ಬರುವುದಿಲ್ಲ ಎಂದು ಅಜ್ಜಿ ಹೇಳುತ್ತಾಳೆ. ಅದಕ್ಕೇ ಊರಿಗೆ ಹೊರಟ ಮುದಕಪ್ಪ ಕಾಕಾನ ಕೈಯಲ್ಲಿ ಈ ಪತ್ರ. ಏಳನೇ ಇಯತ್ತೆ ಓದಿದವಳ ಬರಹ, ತಪ್ಪು ಕಂಡರೆ ನಗಬೇಡ. ಅಲ್ಲ, ನಗು. ನೀನು ನಕ್ಕು ಎರಡು ತಿಂಗಳಾಯಿತು.

ನಿನ್ನ ಗಣಿತದ ನೋಟ್‌ಬುಕ್ಕಿನ ಕೊನೆಯ ಪುಟ ನಾನು ಓದಿದ್ದು ತಪ್ಪು. ದೀಪು ಪಕ್ಕದ ಬೆಂಚಿನಲ್ಲಿ ಕೂತರೆ ಎದೆ ಡವಡವ ಅನ್ನುತ್ತದೆ, ಇದು ಪಾಪವೇ ಎಂದು ನೀನು ಬರೆದಿದ್ದೆ. ಪಾಪವಲ್ಲ ಮಗಳೇ. ಹತ್ತನೇ ಕ್ಲಾಸಿನ ಎದೆ ಡವಡವ ಅನ್ನದೆ ಇನ್ನೇನು ಮಾಡೀತು? ನಿನ್ನ ವಯಸ್ಸಿನಲ್ಲಿ ನಾನು ಒಂದೇ ಸಲಕ್ಕೆ ಬೀಸಿಸುವ ಜೋಳವನ್ನು ಎರಡು ಪಾಲು ಮಾಡಿ ಎರಡು ಸಲ ಗಿರಣಿಗೆ ಹೋಗುತ್ತಿದ್ದೆ, ಗಿರಣಿಯ ಹುಡುಗನನ್ನು ನೋಡಲು. ಅಜ್ಜಿಗೆ ಹೇಳಬೇಡ.

ವಠಾರದ ನಲ್ಲಿಯ ಮುಂದೆ ಎಲ್ಲರೂ ದೀಪು ಹೆಸರು ಹಿಡಿದು ನಿನ್ನನ್ನು ಆಡಿಕೊಂಡ ದಿನದಿಂದ ನೀನು ಊಟ ಬಿಟ್ಟೆ, ಶಾಲೆ ಬಿಟ್ಟೆ, ಗೋಡೆಗೆ ಮುಖ ಮಾಡಿ ಮಲಗಿದೆ. “ಅವ್ವಾ, ನನಗ ಏಳಾಕ ಆಗವಲ್ದು,” ಅಂದೆ. ನಾನು ಗಾಳಿ ಸೋಕಿದೆಯೆಂದು ತಾಯಿತ ಕಟ್ಟಿಸಿದೆ. ಗುಣ ಕಾಣದಿದ್ದಾಗ ಊರಿನ ಬಸ್ಸು ಹತ್ತಿಸಿದೆ.

ಮೊನ್ನೆ ಗಾರ್ಮೆಂಟ್ಸಿಗೆ ಅರ್ಧ ದಿನ ರಜೆ ಹಾಕಿ ಸರ್ಕಾರಿ ಆಸ್ಪತ್ರೆಯಲ್ಲಿ ಮನಸ್ಸಿನ ಕಾಯಿಲೆ ನೋಡುವ ಡಾಕ್ಟರಮ್ಮನನ್ನು ಕಂಡೆ. ಎಲ್ಲ ಕೇಳಿಸಿಕೊಂಡು ಅವರು, “ಗಾಳಿ ಅಲ್ಲಮ್ಮ, ಮಗು ಮನಸ್ಸಿಗೆ ಪೆಟ್ಟು ಬಿದ್ದಿದೆ. ವಾಸಿ ಆಗುತ್ತೆ, ಕರ್ಕೊಂಡು ಬನ್ನಿ,” ಅಂದರು. ಸಂಕ್ರಾಂತಿ ಮುಗಿಯುತ್ತಲೇ ನಾನೇ ಬರುತ್ತೇನೆ. ಪರೀಕ್ಷೆ ಈ ವರ್ಷ ಆಗದಿದ್ದರೆ ಬರುವ ವರ್ಷ ಬರೆದರಾಯಿತು. ಈಗ ಎದ್ದು ಒಂದು ತುತ್ತು ಉಣ್ಣು.

ನಿನ್ನ ದಾರಿ ಕಾಯುವ,
ಅವ್ವ ಸುಮಂಗಲಾ

ತಾ.ಕ.: ಜೊತೆಗೆ ಕಳಿಸಿರುವ ನೋಟ್ಸ್ ನಿನ್ನ ಗೆಳತಿ ಶ್ಯಾಮಲಾ ಬರೆದದ್ದು. ಗುಟ್ಟು ರಟ್ಟು ಮಾಡಿದಳೆಂದು ನೀನು ಮಾತು ಬಿಟ್ಟ ಮೇಲೂ ದಿನಾ ನಿನ್ನ ಪಾಠ ಬರೆದು ನಮ್ಮ ಬಾಗಿಲಲ್ಲಿ ಇಟ್ಟು ಹೋಗುತ್ತಾಳೆ. ಅವಳು ಯಾರಿಗೂ ಹೇಳಿರಲಿಲ್ಲ ನೀಲಾ. ನೀರಿನ ಸಾಲಿನಲ್ಲಿ ನಿಂತು ಚನ್ನಕ್ಕನ ಹತ್ತಿರ, ನನ್ನ ಮಗಳು ಹೀಗೆ ಬರೆದಿದ್ದಾಳೆ, ಏನು ಮಾಡಲಿ ಎಂದು ಬಾಯಿ ಬಿಟ್ಟವಳು ನಾನು. ಆ ದಿನ ನೀನು ಶ್ಯಾಮಲಾಳನ್ನು ಬೈಯುತ್ತ ನನ್ನ ತೊಡೆಯ ಮೇಲೆ ತಲೆಯಿಟ್ಟು ಅತ್ತೆ. ನಿಜ ಹೇಳಿದರೆ ಆ ತಲೆ ಎತ್ತಿಕೊಂಡು ಹೋಗಿಬಿಡುತ್ತೀ ಎಂಬ ಭಯಕ್ಕೆ ನಾನು ಸುಮ್ಮನಿದ್ದೆ.